ಚರ್ಮದ ಚೂರು ಯಾವ ಬಾಟಲಿಗೆ?

ಜುಲೈ ತಿಂಗಳು. ಶಿರಸಿಯಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ಲ್ಯಾಬಿನ ಹೊರಗೆ ಜ್ವರದವರ ಸಾಲು. ಬೆಳಿಗ್ಗೆ 11ರ ಹೊತ್ತಿಗೆ ಮಂಗಳೂರಿನ ದೊಡ್ಡ ಲ್ಯಾಬಿನಿಂದ ಫೋನು ಬಂತು. ಮಾತಾಡಿದವರು ಅಲ್ಲಿನ ಪೆಥಾಲಜಿ ಡಾಕ್ಟರು.

“ನೀವು ಕಳಿಸಿದ ಎರಡು ಬಾಟಲಿ ಸಿಕ್ಕಿತು. ಎರಡರಲ್ಲೂ ಫಾರ್ಮಾಲಿನ್ ಇದೆಯಲ್ಲ? ಫಾರಂನಲ್ಲಿ ಡಿಐಎಫ್ ಅಂತಲೂ ಬರೆದಿದ್ದಾರೆ. ಫಾರ್ಮಾಲಿನ್‌ಗೆ ಬಿದ್ದ ಚರ್ಮದಲ್ಲಿ ಅದು ಆಗುವುದಿಲ್ಲಮ್ಮ. ಇನ್ನೊಂದು ಸಲ ತೆಗೆಸಿ ಕಳಿಸಿ.”

ಅವರು ಬೈಯಲಿಲ್ಲ. ಮೆತ್ತಗೆ ಹೇಳಿದರು. ಆದರೆ ಆ ಎರಡು ಬಾಟಲಿಗೆ ಫಾರ್ಮಾಲಿನ್ ಹೊಯ್ದ ಕೈ ನನ್ನದು. ಆ ಚೂರು ಯಾರ ಕಾಲಿನದು ಎಂದೂ ನನಗೆ ಗೊತ್ತಿತ್ತು.

ನಾನು ಶಿರಸಿಯ ಒಂದು ಆಸ್ಪತ್ರೆಯಲ್ಲಿ 14 ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ರಕ್ತ, ಮೂತ್ರ, ಕಫ ಎಲ್ಲ ನಮ್ಮಲ್ಲೇ ನೋಡುತ್ತೇವೆ. ಬಯಾಪ್ಸಿ, ಅಂದರೆ ಮೈಯಿಂದ ತೆಗೆದ ಚೂರಿನ ಪರೀಕ್ಷೆ ಮಾತ್ರ ಹೊರಗೆ ಹೋಗಬೇಕು. ಅದನ್ನು ಬಾಟಲಿಗೆ ಹಾಕಿ, ಹೆಸರು ಬರೆದು, ಬಸ್ಸಿಗೆ ಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನು ನನ್ನ ಹಾಗೆ ಸಣ್ಣ ಊರಿನ ಲ್ಯಾಬಿನಲ್ಲಿ ಇರುವವರಿಗಾಗಿ ಬರೆಯುತ್ತಿದ್ದೇನೆ.

ಕಾಲು ಒಬ್ಬ ಕೊನೆಗೌಡರದು. ನಮ್ಮ ಕಡೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರನ್ನು ಹಾಗೆ ಕರೆಯುತ್ತಾರೆ. 55 ದಾಟಿದ ವಯಸ್ಸು, ಒಣಗಿದ ಗಟ್ಟಿ ಮೈ. ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ಜಿಗಿಯುವ ಕೆಲಸ. ಚಳಿಗಾಲದಲ್ಲಿ ಕೊನೆ ಕೊಯ್ಲು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವುದು. ಪಾದಕ್ಕೆ ತಳೆಯ ಬಿಗಿ ಗೊತ್ತಾಗಬೇಕು, ಮರದ ಪಾಚಿ ಗೊತ್ತಾಗಬೇಕು. ಅದು ಗೊತ್ತಾಗದಿದ್ದರೆ ಮರ ಹತ್ತುವ ಹಾಗಿಲ್ಲ.

ಅವರು ಮೊದಲು ಬಂದಾಗ ಹೇಳಿದ್ದು ಇಷ್ಟೇ. “ತಂಗೀ, ಕಾಲು ಉರೀತದೆ. ಕೆಂಡದ ಮೇಲೆ ನಿಂತ ಹಾಗೆ. ರಾತ್ರಿ ಕಂಬಳಿ ತಾಗಿದ್ರೂ ಆಗೂದಿಲ್ಲ.”

ಉರಿ ಎಂದ ಕೂಡಲೇ ಎಲ್ಲರೂ ಸಕ್ಕರೆ ಕಾಯಿಲೆ ಎನ್ನುತ್ತಾರೆ ಅಲ್ವಾ? ನಾವೂ ಅದನ್ನೇ ನೋಡಿದೆವು. ಸಕ್ಕರೆ ಸರಿ ಇತ್ತು. ಮೂರು ತಿಂಗಳ ಸರಾಸರಿಯೂ ಸರಿ. ಬಿ12 ಸ್ವಲ್ಪ ಕಡಿಮೆ ಎಂದು ಇಂಜೆಕ್ಷನ್ ಕೊಟ್ಟರು. ಉರಿ ಹೋಗಲಿಲ್ಲ. ಕುಷ್ಠವೇ ಇರಬಹುದೇ ಎಂದು ಡಾಕ್ಟರು ನರ ಮುಟ್ಟಿ ನೋಡಿದರು. ನರ ದಪ್ಪ ಆಗಿರಲಿಲ್ಲ, ಮೈಮೇಲೆ ಮಚ್ಚೆ ಇರಲಿಲ್ಲ. ನಾನು ಕಿವಿಯ ತುದಿಯಿಂದ ಸ್ಮಿಯರ್ ತೆಗೆದು ಬಣ್ಣ ಹಾಕಿ ನೋಡಿದೆ. ಏನೂ ಸಿಗಲಿಲ್ಲ. ಹುಬ್ಬಳ್ಳಿಗೆ ಹೋಗಿ ನರದ ಕರೆಂಟ್ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದರು. ಅದೂ ನಾರ್ಮಲ್ ಎಂದು ಬಂತು.

ಎಲ್ಲ ನಾರ್ಮಲ್, ಆದರೆ ಮನುಷ್ಯನಿಗೆ ನಿದ್ದೆ ಇಲ್ಲ. ಇಂಥವರನ್ನು ಜನ ಸುಮ್ನೆ ನಾಟಕ ಅಂತ ಮಾತಾಡುತ್ತಾರೆ. ಅವರ ಊರಿನಲ್ಲೂ ಮಾತಾಡಿದ್ದರಂತೆ. ಆ ಕರೆಂಟ್ ಪರೀಕ್ಷೆ ಅಳೆಯುವುದು ದಪ್ಪ ನರದ ಎಳೆಗಳನ್ನು ಎಂದು ನಾನು ತಿಳಿದದ್ದು ಆಮೇಲೆ. ಉರಿ, ನೋವು, ಬಿಸಿ, ತಂಪು ಹೊತ್ತು ತರುವುದು ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಎಳೆಗಳು. ಅವು ಚರ್ಮದ ಮೇಲ್ಪದರದವರೆಗೆ ಬಂದು ಮುಗಿಯುತ್ತವೆ. ಅವು ಹಾಳಾದರೂ ಆ ಪರೀಕ್ಷೆ ನಾರ್ಮಲ್ ಎಂದೇ ಬರುತ್ತದೆ. ಆ ನಾರ್ಮಲ್ ರಿಪೋರ್ಟು ಸುಳ್ಳಲ್ಲ. ಅವರ ಉರಿಯೂ ಸುಳ್ಳಲ್ಲ.

ಮಳೆ ಶುರುವಾದ ಮೇಲೆ ಇನ್ನೊಂದು ಸಲ ರಕ್ತ ಕೊಡಲು ಬಂದರು. ಕೂತಾಗ ಪಂಚೆ ಸ್ವಲ್ಪ ಮೇಲೆ ಸರಿಯಿತು. ಮೊಣಕಾಲ ಕೆಳಗೆ ಎರಡೂ ಕಡೆ ಕೆನ್ನೀಲಿ ಚುಕ್ಕೆಗಳು. ನೇರಳೆ ಹಣ್ಣಿನ ರಸ ಸಿಡಿದ ಹಾಗೆ.

“ಇದೆಂತದು ಗೌಡ್ರೇ?”

“ಉಂಬಳ ಕಚ್ಚಿದ್ದು ತಂಗೀ. ತೋಟದಲ್ಲಿ ಈಗ ಉಂಬಳ ಬಿಟ್ಟು ಬೇರೆ ಎಂತ ಉಂಟು?”

ನಾನು ಹುಟ್ಟಿ ಬೆಳೆದದ್ದು ತೋಟದ ಮನೆಯಲ್ಲಿ. ಉಂಬಳ, ಅಂದರೆ ಜಿಗಣೆ, ಕಚ್ಚಿದ ಗುರುತು ನನಗೆ ಗೊತ್ತು. ನಡುವೆ ಮೂರು ಗೀರಿನ ಸಣ್ಣ ಗಾಯ ಇರುತ್ತದೆ, ತುರಿಸುತ್ತದೆ, ದಿನಗಟ್ಟಲೆ ಕೆರೆಯುತ್ತಾರೆ. ಇಲ್ಲಿ ಗಾಯವೇ ಇಲ್ಲ. ಬೆರಳು ಆಡಿಸಿದರೆ ಚುಕ್ಕೆ ಸ್ವಲ್ಪ ಉಬ್ಬಿದ್ದು ತಿಳಿಯುತ್ತಿತ್ತು. ಮೇಜಿನ ಮೇಲಿದ್ದ ಗಾಜಿನ ಸ್ಲೈಡ್ ತೆಗೆದು ಚುಕ್ಕೆಯ ಮೇಲೆ ಒತ್ತಿದೆ. ಸಾಮಾನ್ಯ ಕೆಂಪಾದರೆ ಒತ್ತಿದಾಗ ಬಿಳಿಚಿಕೊಳ್ಳುತ್ತದೆ, ಯಾಕೆಂದರೆ ರಕ್ತ ಇನ್ನೂ ನಾಳದ ಒಳಗೇ ಇರುತ್ತದೆ. ಇದು ಬಿಳಿಚಲಿಲ್ಲ. ಅಂದರೆ ರಕ್ತ ನಾಳದಿಂದ ಹೊರಗೆ ಸೋರಿ ಚರ್ಮದಲ್ಲಿ ನಿಂತಿದೆ.

ಡಾಕ್ಟರನ್ನು ಕರೆದೆ. ಅವರು ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತು ಎರಡೂ ಕಾಲು ನೋಡಿದರು. “ಇಷ್ಟು ದಿನ ನಾವು ನರ ನರ ಅಂತ ಓಡಾಡಿದೆವು. ತೊಂದರೆ ನರಕ್ಕೆ ಊಟ ಕೊಡುವ ನಾಳದಲ್ಲಿ ಇರಬಹುದು” ಎಂದರು.

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನರ ಎಂದರೆ ಒಂದು ವೈರು ಎಂದೇ ನಾನು ತಿಳಿದಿದ್ದೆ. ಆದರೆ ನರವೂ ಬದುಕಿರುವ ವಸ್ತು. ಅದಕ್ಕೂ ರಕ್ತ ಬೇಕು. ಅದರ ಮೈಮೇಲೆಯೇ ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳು ಹರಿಯುತ್ತವೆ. ದೇಹದ ರಕ್ಷಣೆಗೆ ಇರುವ ಪ್ರತಿಕಾಯಗಳು ಕೆಲವೊಮ್ಮೆ ಗಂಟುಗಂಟಾಗಿ ರಕ್ತದಲ್ಲಿ ತೇಲುತ್ತವೆ. ಆ ಗಂಟುಗಳು ಸಣ್ಣ ನಾಳದ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಎಚ್ಚರಗೊಂಡು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಬಿಳಿ ಕಣಗಳು ಬಂದು, ಅಲ್ಲೇ ಒಡೆದು, ತಮ್ಮೊಳಗಿನ ಕೊರೆಯುವ ರಸ ಚೆಲ್ಲುತ್ತವೆ. ನಾಳದ ಗೋಡೆ ಕೊಳೆತು ರಕ್ತ ಸೋರುತ್ತದೆ. ಚರ್ಮದಲ್ಲಿ ಹೀಗಾದರೆ ಕೆನ್ನೀಲಿ ಚುಕ್ಕೆ. ನರದ ಮೈಮೇಲಿನ ನಾಳದಲ್ಲಿ ಹೀಗಾದರೆ ನರ ಹಸಿವಿನಿಂದ ಸಾಯುತ್ತದೆ. ವಾಸ್ಕುಲೈಟಿಸ್ ಎಂದು ಕರೆಯುವುದು ಇದನ್ನೇ.

ನರವನ್ನೇ ಕತ್ತರಿಸಿ ನೋಡಬಹುದು. ಕಣಕಾಲಿನ ಹತ್ತಿರ ಒಂದು ನರ ಇದೆ, ಅದರ ತುಂಡು ತೆಗೆಯುತ್ತಾರೆ. ಆದರೆ ಪಾದದ ಹೊರಬದಿ ಜೀವನವಿಡೀ ಜೋಮು ಉಳಿಯಬಹುದು. ಚರ್ಮದ ಚೂರಾದರೆ ಒಂದೆರಡು ವಾರದಲ್ಲಿ ಮಾಯುತ್ತದೆ. ನಾಳವೂ ನರದ ತುದಿಯೂ ಅಕ್ಕಪಕ್ಕದಲ್ಲಿ ಒಂದೇ ಚೂರಿನೊಳಗೆ ಸಿಗುವುದು ಚರ್ಮದಲ್ಲಿ. ಅದಕ್ಕೇ ಡಾಕ್ಟರು ಮೊದಲು ಚರ್ಮದ ಬಯಾಪ್ಸಿ ಎಂದರು.

ಮಾರನೇ ದಿನ ಎರಡು ಕಡೆಯಿಂದ ಚೂರು ತೆಗೆದರು. ಜೋಮಿನ ಇಂಜೆಕ್ಷನ್ ಕೊಟ್ಟು, ಪೆನ್ನಿನ ತುದಿಯಷ್ಟು ಅಗಲದ ಪಂಚ್ ಎಂಬ ದುಂಡು ಬಾಯಿಯ ಬ್ಲೇಡ್ ಒತ್ತಿ ತಿರುಗಿಸಿ, ಕತ್ತರಿಯಿಂದ ಬುಡ ಬಿಡಿಸಿ ನನ್ನ ಕೈಗೆ ಕೊಟ್ಟರು. ಆಗ ತುರ್ತು ವಿಭಾಗದಿಂದ ಕರೆ ಬಂತು, ಅವರು ಓಡಿದರು. ಫಾರಂನಲ್ಲಿ ಎರಡು ಸಾಲು ಇತ್ತು. ಒಂದು ಹಿಸ್ಟೋಪೆಥಾಲಜಿ, ಅಂದರೆ ಕೋಶಗಳ ರೂಪ ನೋಡುವುದು, ಇನ್ನೊಂದು ಡಿಐಎಫ್. ಪೂರ್ತಿ ಹೆಸರು ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್. ನಾನು ಎರಡೂ ಓದಿದೆ. ಎರಡನೆಯದು ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದ ಮೇಲೆ ಕೇಳಬೇಕಿತ್ತು. ಸಾಲು ದೊಡ್ಡದಿತ್ತು, ಬಸ್ಸಿನ ಹೊತ್ತಾಗಿತ್ತು. 14 ವರ್ಷದಲ್ಲಿ ನನ್ನ ಕೈಗೆ ಬಂದ ಚೂರೆಲ್ಲ ಫಾರ್ಮಾಲಿನ್‌ಗೇ ಹೋಗಿತ್ತು. ಇದೂ ಹೋಯಿತು.

ಫಾರ್ಮಾಲಿನ್ ಕೆಟ್ಟದ್ದಲ್ಲ. ಚೂರು ಕೊಳೆಯದಂತೆ, ಜೀವಕೋಶಗಳು ಇದ್ದಲ್ಲೇ ಇರುವಂತೆ ಹಿಡಿದಿಡುತ್ತದೆ. ಅದು ಹಿಡಿಯುವ ರೀತಿ ಮಾತ್ರ ಬಿಗಿ. ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಡಿಐಎಫ್‌ನಲ್ಲಿ ಹುಡುಕುವುದು ನಾಳದ ಗೋಡೆಯಲ್ಲಿ ಯಾವ ಪ್ರತಿಕಾಯ ಕೂತಿದೆ ಎಂದು. ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿದ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಇದ್ದರೆ ಹೋಗಿ ಅಂಟುತ್ತದೆ, ಸೂಕ್ಷ್ಮದರ್ಶಕದ ಕೆಳಗೆ ಹಸಿರಾಗಿ ಹೊಳೆಯುತ್ತದೆ. ಫಾರ್ಮಾಲಿನ್ ಹೊಲಿದ ಮೇಲೆ ಅಂಟುವ ಜಾಗವೇ ಮುಚ್ಚಿಹೋಗಿರುತ್ತದೆ. ಹೊಳೆಯದಿದ್ದರೆ ಪ್ರತಿಕಾಯ ಇಲ್ಲ ಎಂದೋ, ಮುಚ್ಚಿದೆ ಎಂದೋ ಹೇಳಲು ಬರುವುದಿಲ್ಲ. ಆ ಚೂರು ತಾಜಾ ಆಗಿ ಹೋಗಬೇಕು, ಇಲ್ಲವೇ ಮಿಷೆಲ್ ದ್ರಾವಣ ಎಂಬುದರಲ್ಲಿ ಹೋಗಬೇಕು. ನಮ್ಮಲ್ಲಿ ಆ ದ್ರಾವಣ ಇರಲಿಲ್ಲ. ಹಾಗೊಂದು ಇದೆ ಎಂದು ನನಗೆ ಆ ಫೋನಿನಲ್ಲೇ ತಿಳಿದದ್ದು.

ಫೋನು ಮಾಡಿದ ಆ ಪೆಥಾಲಜಿ ಮೇಡಂ ಇನ್ನೊಂದು ಮಾತು ಹೇಳಿದರು. “24 ಗಂಟೆಯೊಳಗೆ ನಮ್ಮ ಕೈಗೆ ಮುಟ್ಟಿಸುತ್ತೀರಿ ಅಂತಾದರೆ ಸಾದಾ ನಾರ್ಮಲ್ ಸಲೈನ್ ಸಾಕು.” ಪ್ರತಿ ವಾರ್ಡಿನಲ್ಲಿ ನೇತಾಡುವ ಸಲೈನ್! ಕೇಳಿದ್ದರೆ ಅಂದೇ ಆಗುತ್ತಿತ್ತು.

ಡಾಕ್ಟರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾನೂ ನಿಮಗೆ ಬಾಯಲ್ಲಿ ಹೇಳಿ ಹೋಗಬೇಕಿತ್ತು” ಎಂದರು. ಗೌಡರಿಗೆ ಹೇಳುವುದು ಯಾರು? ನಾನೇ ಹೇಳುತ್ತೇನೆ ಎಂದೆ. ಅವರ ಮಗಳಿಗೆ ಫೋನು ಮಾಡಿದೆ. “ತಂಗಿ, ನನ್ನಿಂದ ತಪ್ಪಾಯ್ತು. ಅಪ್ಪನ ಕಾಲಿಂದ ಇನ್ನೊಂದು ಸಲ ಚೂರು ತೆಗೀಬೇಕು” ಎಂದೆ. ಅವಳು ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು. “ಆಯ್ತು ಅಕ್ಕ, ಯಾವಾಗ ಬರೂದು ಹೇಳಿ” ಎಂದಳು ಅಷ್ಟೇ.

ಒಂದು ಬಾಟಲಿಯಾದರೂ ಕೆಲಸಕ್ಕೆ ಬಂತು. ಹಿಸ್ಟೋಪೆಥಾಲಜಿ ರಿಪೋರ್ಟಿನಲ್ಲಿ ಸಣ್ಣ ನಾಳಗಳ ಸುತ್ತ ಒಡೆದ ಬಿಳಿ ಕಣಗಳ ಪುಡಿ, ಗೋಡೆಯಲ್ಲಿ ಕೊಳೆತ, ಹೊರಗೆ ಸೋರಿದ ಕೆಂಪು ಕಣ ಎಂದು ಬರೆದಿತ್ತು. ವಾಸ್ಕುಲೈಟಿಸ್ ಎನ್ನುವುದು ಖಚಿತ. ಆದರೆ ಅದು ಯಾಕೆ ಬಂತು? ಔಷಧಿಯಿಂದ ಬರಬಹುದು, ಸೋಂಕಿನಿಂದ ಬರಬಹುದು, ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುವ ಬೇರೆ ಬೇರೆ ಕಾಯಿಲೆಗಳಿಂದ ಬರಬಹುದು. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ಯಾವ ಪ್ರತಿಕಾಯ ಕೂತಿದೆ ಎಂದು ತಿಳಿದರೆ ದಾರಿ ಸಿಗುತ್ತದೆ. ಆ ಬಾಟಲಿಯನ್ನೇ ನಾನು ಕೆಡಿಸಿದ್ದೆ.

ಇನ್ನೊಂದು ತೊಡಕು. ಡಿಐಎಫ್‌ಗೆ ಹಳೇ ಚುಕ್ಕೆ ಆಗುವುದಿಲ್ಲ. ನಾಳದಲ್ಲಿ ಕೂತ ಪ್ರತಿಕಾಯಗಳನ್ನು ದೇಹ ಬೇಗ ಗುಡಿಸಿ ಹಾಕುತ್ತದೆ. ಚುಕ್ಕೆ ಎದ್ದು ಒಂದು ದಿನದೊಳಗೆ ಚೂರು ತೆಗೆದರೆ ಒಳ್ಳೆಯದು. ಗೌಡರ ಕಾಲಿನ ಚುಕ್ಕೆಗಳು ಆಗಲೇ ಕಂದು ಬಣ್ಣಕ್ಕೆ ತಿರುಗಿದ್ದವು. ಹೊಸದು ಏಳುವವರೆಗೆ ಕಾಯಬೇಕು.

ಕಾದೆವು. 19 ದಿನ.

ಆ 19 ದಿನದ ನಡುವೆ ಒಂದು ಬೆಳಿಗ್ಗೆ ಅವರ ಬಲಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದಿತ್ತಂತೆ. ಅವರಿಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಹೆಂಡತಿ ನೋಡಿ ಕೂಗಿದರು. ಮನೆಗೆ ಬಂದು ನೋಡಿದರೆ ಪಾದ ಮೇಲೆತ್ತಲು ಬರುವುದಿಲ್ಲ. ನಡೆದರೆ ಬೆರಳು ನೆಲಕ್ಕೆ ಎಳೆಯುತ್ತದೆ. ಅದೇ ವಾರ ಬಚ್ಚಲ ಒಲೆಗೆ ಕಟ್ಟಿಗೆ ನೂಕುವಾಗ ಹೆಬ್ಬೆರಳು ಸುಟ್ಟುಕೊಂಡಿದ್ದರು. ಬೊಬ್ಬೆ ಎದ್ದ ಮೇಲೆ ಕಂಡದ್ದು, ನೋವು ಆಗಿಯೇ ಇಲ್ಲ. ಉರಿಯುವ ಕಾಲಿಗೆ ಬೆಂಕಿ ತಾಗಿದ್ದು ತಿಳಿಯಲಿಲ್ಲ. ಈ ಎರಡೂ ಒಂದೇ ಕಾಲಿನಲ್ಲಿ ಹೇಗೆ ಎಂದು ಅವರ ಮಗಳು ನನ್ನನ್ನು ಕೇಳಿದಳು. ಸಾಯುತ್ತಿರುವ ಎಳೆ ಸುಮ್ಮನೆ ಕೂಗುತ್ತದೆ, ಸತ್ತ ಎಳೆ ಸುದ್ದಿ ತರುವುದಿಲ್ಲ ಎಂದು ಡಾಕ್ಟರು ಅವಳಿಗೆ ವಿವರಿಸಿದರು.

ಡಾಕ್ಟರು ಅಂದೇ ಸ್ಟಿರಾಯ್ಡ್ ಶುರು ಮಾಡಿಸಿದರು, ಮಂಗಳೂರಿನ ನರರೋಗದ ಡಾಕ್ಟರ ಜೊತೆ ಮಾತಾಡಿ. ನನ್ನ ಬಾಟಲಿ ಸರಿ ಇದ್ದಿದ್ದರೆ ಈ ಕಾಲು ಉಳಿಯುತ್ತಿತ್ತೇ ಎಂದು ನಾನು ಅವರನ್ನು ಕೇಳಿದೆ. “ಹಾಗೆ ಹೇಳಲಿಕ್ಕೆ ಬರುವುದಿಲ್ಲ” ಎಂದರು. ಅದು ನನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ, ನಿಜವಾಗಿಯೂ ಹೇಳಲು ಬರುವುದಿಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ 6ಕ್ಕೆ ಮಗಳ ಫೋನು. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗುಡ್ಡ ಹತ್ತಿ ಮಾಡಿದ್ದಳು. “ಅಕ್ಕ, ಎಡಗಾಲಲ್ಲಿ ಹೊಸ ಚುಕ್ಕೆ ಬಂದಿದೆ. ನಿನ್ನೆ ರಾತ್ರಿ ಇರ್ಲಿಲ್ಲ.” ಮಧ್ಯಾಹ್ನದೊಳಗೆ ಕರೆದುಕೊಂಡು ಬಂದಳು. ಡಾಕ್ಟರು ಚೂರು ತೆಗೆದರು. ನಾನು ಸಲೈನಿನಲ್ಲಿ ನೆನೆಸಿದ ಗಾಜ್ ತುಂಡಿನಲ್ಲಿ ಸುತ್ತಿ, ಸಲೈನ್ ಇದ್ದ ಬಾಟಲಿಗೆ ಹಾಕಿ, ಮೇಲೆ ಕೆಂಪು ಪೆನ್ನಿನಲ್ಲಿ ‘ಫಾರ್ಮಾಲಿನ್ ಅಲ್ಲ, ಸಲೈನ್’ ಎಂದು ಬರೆದೆ. ಚೂರು ತೆಗೆದ ಗಂಟೆಯನ್ನೂ ಬರೆದೆ. ತಂಪು ಪೆಟ್ಟಿಗೆಯಲ್ಲಿ ಇಟ್ಟು ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ ಕೈಗೆ ಕೊಟ್ಟು ಬಂದೆ. ರಾತ್ರಿಯೆಲ್ಲ ದೇವಿಮನೆ ಘಟ್ಟದ ಚಿಂತೆ. ಅಲ್ಲಿ ಮಣ್ಣು ಕುಸಿದರೆ ಬಸ್ಸು ಅಲ್ಲೇ ನಿಲ್ಲುತ್ತದೆ. ಘಟ್ಟ ಇಳಿದು, ಕುಮಟಾ ದಾಟಿ, ಹೊನ್ನಾವರದಲ್ಲಿ ಶರಾವತಿ ದಾಟಿ, ಭಟ್ಕಳ ದಾಟಿ ಹೋಗಬೇಕು. ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಕಾರವಾರದವರು ಗೋವಾಕ್ಕೆ ಓಡುತ್ತಾರೆ, ಭಟ್ಕಳದವರು ಮಣಿಪಾಲಕ್ಕೆ, ನಾವು ಹುಬ್ಬಳ್ಳಿಗೆ. ರೋಗಿ ಓಡುವ ಹಾಗೆ ರೋಗಿಯ ಚೂರೂ ಓಡುತ್ತದೆ. ದಾರಿ ದೂರ ಇದ್ದಷ್ಟೂ ಹೊರಡಿಸುವ ಕೈ ಹುಷಾರಾಗಿರಬೇಕು.

ಬೆಳಿಗ್ಗೆ 9ಕ್ಕೆ ಮೇಡಂ ಮೆಸೇಜ್ ಮಾಡಿದರು. ಚೂರು ಸಿಕ್ಕಿತು, ಚೆನ್ನಾಗಿದೆ.

ರಿಪೋರ್ಟ್ ಬಂತು. ನಾಳದ ಗೋಡೆಯಲ್ಲಿ ಐಜಿಎಂ ಎಂಬ ಪ್ರತಿಕಾಯ ಮತ್ತು ಸಿ3 ಎಂಬ ಕಾಂಪ್ಲಿಮೆಂಟ್ ಹೊಳೆದಿದ್ದವು. ಡಾಕ್ಟರು ಹಳೇ ಫೈಲು ತೆಗೆದು ಕೂತರು. ಎರಡು ತಿಂಗಳ ಹಿಂದೆ ನಾನೇ ಮಾಡಿದ ಆರ್‌ಎ ಫ್ಯಾಕ್ಟರ್, ಅಂದರೆ ಕೀಲುವಾತಕ್ಕೆ ನೋಡುವ ರಕ್ತ ಪರೀಕ್ಷೆ, ಜೋರು ಪಾಸಿಟಿವ್ ಇತ್ತು. ಗಂಟು ಬಾವು ಇಲ್ಲದೆ ಬರೀ ಕೀಲು ನೋವು ಇದ್ದದ್ದರಿಂದ ಆಗ ಅದನ್ನು ಯಾರೂ ಬೆನ್ನು ಹತ್ತಲಿಲ್ಲ. ಈಗ ರಕ್ತದಲ್ಲಿ ಸಿ4 ಎಂಬ ಇನ್ನೊಂದು ಕಾಂಪ್ಲಿಮೆಂಟ್ ನೋಡಿಸಿದರೆ ತೀರಾ ಕಡಿಮೆ. ಅವರು ಗೌಡರನ್ನು ಕೇಳಿದರು, ಚುಕ್ಕೆ ಯಾವಾಗ ಜಾಸ್ತಿ ಆಗುತ್ತದೆ? “ತಣ್ಣೀರಲ್ಲಿ ನಿಂತು ಮದ್ದು ಹೊಡೆದ ದಿನ ಜಾಸ್ತಿ” ಎಂದರು ಗೌಡರು. ಅವರು ಇದನ್ನು ಮೊದಲೂ ಹೇಳಿದ್ದರು. ಉಂಬಳ ಎಂದು ನಂಬಿದ್ದರಿಂದ ಯಾರೂ ಕಿವಿಗೊಡಲಿಲ್ಲ.

ಡಾಕ್ಟರು ಫಾರಂನಲ್ಲಿ ಬರೆದರು: ಕ್ರಯೋಗ್ಲೋಬ್ಯುಲಿನ್.

ಈ ಸಲ ನಾನು ಫಾರಂ ಹಿಡಿದುಕೊಂಡು ಮೊದಲು ಫೋನು ಮಾಡಿದೆ. ಮಾಡದೇ ಇದ್ದಿದ್ದರೆ ಇದೂ ಕೆಡುತ್ತಿತ್ತು, ಅದೂ ಒಳ್ಳೆಯ ಅಭ್ಯಾಸದಿಂದಲೇ. ದೂರ ಹೋಗುವ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿ ಇಡುವುದು ನಮಗೆ ಕಲಿಸಿದ ಪಾಠ. ಕ್ರಯೋಗ್ಲೋಬ್ಯುಲಿನ್ ಎಂದರೆ ತಂಪಾದರೆ ಗಟ್ಟಿಯಾಗುವ ಪ್ರತಿಕಾಯ. ಮೈ ಬಿಸಿಯಲ್ಲಿ ಕರಗಿ ರಕ್ತದಲ್ಲಿ ಇರುತ್ತದೆ, ತಣ್ಣಗಾದರೆ ಕೆಳಗೆ ಕೂರುತ್ತದೆ. ರಕ್ತ ತೆಗೆದು ಹಾಗೇ ತಂಪಿಗೆ ಇಟ್ಟರೆ ಅದು ಹೆಪ್ಪಿನ ಜೊತೆಗೇ ಗಟ್ಟಿಯಾಗಿ ತಳ ಸೇರುತ್ತದೆ. ಮೇಲಿನ ಸೀರಂನಲ್ಲಿ ಏನೂ ಉಳಿದಿರುವುದಿಲ್ಲ. ಪರೀಕ್ಷೆ ನೆಗೆಟಿವ್ ಎಂದು ಬರುತ್ತದೆ, ರೋಗ ಹಾಗೇ ಇರುತ್ತದೆ.

ಅದಕ್ಕೇ ರಕ್ತ ತೆಗೆಯುವುದರಿಂದ ಸೀರಂ ಬೇರೆ ಮಾಡುವವರೆಗೆ ಎಲ್ಲ 37 ಡಿಗ್ರಿಯಲ್ಲಿ ನಡೆಯಬೇಕು. ನಮ್ಮಲ್ಲಿ ಇನ್‌ಕ್ಯುಬೇಟರ್ ಇತ್ತು. ಸಿರಿಂಜು, ಏನೂ ಹಾಕದ ಟ್ಯೂಬು, ಸೆಂಟ್ರಿಫ್ಯೂಜಿನ ಬಕೆಟ್ಟುಗಳು, ಎಲ್ಲವನ್ನೂ ಹಿಂದಿನ ರಾತ್ರಿ ಅದರೊಳಗೆ ಇಟ್ಟೆ. ಮನೆಯಿಂದ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್ ತಂದೆ. ಥರ್ಮಾಮೀಟರ್ ಇಳಿಬಿಟ್ಟು ನೀರು 37 ಡಿಗ್ರಿಗೆ ಬರುವಂತೆ ಬೆರೆಸಿದೆ. ಗೌಡರ ರಕ್ತ ತೆಗೆದ ಕೂಡಲೇ ಟ್ಯೂಬನ್ನು ಆ ನೀರಿನಲ್ಲಿ ನಿಲ್ಲಿಸಿ ಲ್ಯಾಬಿಗೆ ಒಯ್ದೆ. ಇನ್‌ಕ್ಯುಬೇಟರಿನಲ್ಲಿ 1 ಗಂಟೆ ಹೆಪ್ಪುಗಟ್ಟಲು ಬಿಟ್ಟು, ಬಿಸಿ ಬಕೆಟ್ಟಿನಲ್ಲಿ ತಿರುಗಿಸಿ, ಸೀರಂ ಬೇರೆ ತೆಗೆದೆ. ಆಮೇಲೆ ಮಾತ್ರ ಫ್ರಿಜ್ಜು, 4 ಡಿಗ್ರಿ. 7 ದಿನ ಇಟ್ಟು ನೋಡಬೇಕು.

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಟ್ಯೂಬನ್ನು ಬೆಳಕಿಗೆ ಹಿಡಿದಾಗ ಕೆಳಗೆ ಸಣ್ಣ ಮಂಜು ಇದ್ದ ಹಾಗೆ ಅನಿಸಿತು. ನನ್ನ ಕಣ್ಣೇ ಹಾಗೆ ಬಯಸುತ್ತಿದೆಯೋ ಏನೋ ಎಂದು ಇನ್ನೊಬ್ಬ ಹುಡುಗಿಗೂ ತೋರಿಸಿದೆ. ನಾಲ್ಕನೇ ದಿನ ಅನುಮಾನವೇ ಇರಲಿಲ್ಲ. ಟ್ಯೂಬಿನ ತಳದಲ್ಲಿ ಬಿಳಿ ಪದರ. ಡಿಸೆಂಬರಿನ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಹೇಗೆ ಕಟ್ಟುತ್ತದೆ, ಹಾಗೆ. ಬಾಟಲಿಯನ್ನು ಬಿಸಿಲಿಗೆ ಇಟ್ಟರೆ ಎಣ್ಣೆ ಕರಗುತ್ತದಲ್ಲ? ಅದನ್ನೇ ಮಾಡಿ ಖಚಿತ ಮಾಡಿಕೊಳ್ಳಬೇಕು. ಒಂದು ಟ್ಯೂಬನ್ನು 37 ಡಿಗ್ರಿಗೆ ಇಟ್ಟೆವು. ಸ್ವಲ್ಪ ಹೊತ್ತಿಗೆ ಬಿಳಿ ಎಲ್ಲ ಕರಗಿ ಸೀರಂ ತಿಳಿಯಾಯಿತು. ಡಾಕ್ಟರನ್ನು ಕರೆದು ತೋರಿಸಿದೆ. ಅವರು ಟ್ಯೂಬನ್ನು ತುಂಬಾ ಹೊತ್ತು ಹಿಡಿದುಕೊಂಡೇ ನಿಂತಿದ್ದರು.

ಗೌಡರ ಕಾಲಿನ ನಾಳಗಳಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದದ್ದು ಇದೇ ಬಿಳಿ ವಸ್ತು. ಅದು ಕಣ್ಣ ಮುಂದೆ ಇತ್ತು.

ಇಂಥ ಕ್ರಯೋಗ್ಲೋಬ್ಯುಲಿನ್ ಬಂದರೆ ಮೊದಲು ಹುಡುಕಬೇಕಾದದ್ದು ಹೆಪಟೈಟಿಸ್ ಸಿ ವೈರಸ್. ನಾವು ಬಯಾಪ್ಸಿಗೆ ಮೊದಲು ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ನೋಡಿದ್ದೆವು. ಸಿ ನೋಡಿರಲಿಲ್ಲ. ನೋಡಿದರೆ ಪಾಸಿಟಿವ್. ವೈರಸ್ಸಿನ ಆರ್‌ಎನ್‌ಎ ಪರೀಕ್ಷೆಯೂ ಪಾಸಿಟಿವ್, ಅಂದರೆ ವೈರಸ್ ಇನ್ನೂ ಮೈಯಲ್ಲಿದೆ. ಗೌಡರಿಗೆ ಇದು ಎಲ್ಲಿಂದ? ಯೋಚಿಸಿ ಹೇಳಿದರು. 1980ರ ದಶಕದಲ್ಲಿ ಮರದಿಂದ ಬಿದ್ದು ತೊಡೆ ಮುರಿದಿತ್ತು, ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಆ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆಲ್ಲ ಆ ಪರೀಕ್ಷೆ ಕಡ್ಡಾಯ ಆದದ್ದು ಈ ಶತಮಾನದ ಶುರುವಿನಲ್ಲಿ. ಅವರಿಗೆ ಆ ರಕ್ತದಿಂದಲೇ ಬಂತು ಎಂದು ಪ್ರಮಾಣ ಮಾಡಿ ಹೇಳಲಾಗದು, ಆದರೆ ಬೇರೆ ದಾರಿ ನಮಗೆ ಕಾಣಲಿಲ್ಲ. ಅಷ್ಟು ವರ್ಷ ಅದು ಸದ್ದಿಲ್ಲದೆ ಯಕೃತ್ತಿನಲ್ಲಿ ಕೂತಿತ್ತು. ಅದರ ಜೊತೆ ಹೋರಾಡುತ್ತಾ ದೇಹ ಮಾಡಿದ ಪ್ರತಿಕಾಯಗಳೇ ಗಂಟು ಕಟ್ಟಿ ನಾಳಕ್ಕೂ ನರಕ್ಕೂ ಕುತ್ತು ತಂದವು.

ಮುಂದಿನದು ದೊಡ್ಡ ಆಸ್ಪತ್ರೆಯ ಕೆಲಸ. ಪಾದ ಎತ್ತಲು ಬಾರದಂತೆ ಆದದ್ದರಿಂದ, ಪ್ರತಿಕಾಯ ಮಾಡುವ ಕಣಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಕೊಟ್ಟರು. ವೈರಸ್ಸಿಗೆ ಸೊಫೋಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಮಾತ್ರೆ, ದಿನಕ್ಕೊಂದು ಸಲ, 12 ವಾರ. ಈ ಮಾತ್ರೆ ಸರಕಾರದ ಕಡೆಯಿಂದ ಉಚಿತ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಿಂದ ಇದೆ. ನಮ್ಮ ಕಡೆ ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದೆ. ಹಿಂದೆ ರಕ್ತ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ಮುಗಿದು 12 ವಾರ ಆದ ಮೇಲೆ ಆರ್‌ಎನ್‌ಎ ಕಳಿಸಿದೆವು. ವೈರಸ್ ಇಲ್ಲ ಎಂದು ಬಂತು.

ಆ ಓಡಾಟದ ನಡುವೆ ಮೂರನೇ ಬಾಟಲಿಯ ಪರಿಚಯ ಆಯಿತು. ನರರೋಗದ ಡಾಕ್ಟರು ಚರ್ಮದಲ್ಲಿ ಎಷ್ಟು ನರದ ಎಳೆ ಉಳಿದಿದೆ ಎಂದು ಎಣಿಸಬೇಕು ಎಂದರು. ಅದಕ್ಕೆ ಅವರೇ ಬಾಟಲಿ ಕಳಿಸಿದರು. ಒಳಗೆ ಅರಿಶಿನ ನೀರಿನಂಥ ಹಳದಿ ದ್ರಾವಣ. ಜಾಂಬೋನಿ ಎಂದು ಹೆಸರು. ಪಿಕ್ರಿಕ್ ಆಸಿಡ್ ಇರುವುದರಿಂದ ಆ ಬಣ್ಣ. ಇದಕ್ಕೆ ಚುಕ್ಕೆ ಇರುವ ಜಾಗ ಬೇಡ, ಜಾಗ ಮೊದಲೇ ಗೊತ್ತು ಮಾಡಿದ್ದು. ಕಣಕಾಲಿನ ಹೊರ ಗಂಟಿನಿಂದ 10 ಸೆಂಟಿಮೀಟರ್ ಮೇಲೆ, 3 ಮಿಲಿಮೀಟರ್ ಪಂಚ್. ಎಲ್ಲರಲ್ಲೂ ಒಂದೇ ಜಾಗ ಆದರೆ ಮಾತ್ರ ಆರೋಗ್ಯವಂತರ ಲೆಕ್ಕದ ಜೊತೆ ಹೋಲಿಸಬಹುದು. ಮಾಮೂಲಿ ಬಯಾಪ್ಸಿಯನ್ನು 3–5 ಮೈಕ್ರಾನ್ ತೆಳ್ಳಗೆ ಕೊಯ್ಯುತ್ತಾರೆ. ಇದನ್ನು 50 ಮೈಕ್ರಾನ್ ದಪ್ಪ ಕೊಯ್ಯುತ್ತಾರೆ. ಯಾಕೆಂದರೆ ಎಳೆ ಬಳ್ಳಿಯಂತೆ ಡೊಂಕಾಗಿ ಹೋಗುತ್ತದೆ, ತೆಳ್ಳಗೆ ಕೊಯ್ದರೆ ತುಂಡು ತುಂಡು ಮಾತ್ರ ಕಾಣುತ್ತದೆ. ಪಿಜಿಪಿ 9.5 ಎಂಬ ಗುರುತಿನ ಪ್ರತಿಕಾಯ ಹಾಕಿ, ಮೇಲ್ಪದರದ ಗಡಿ ದಾಟಿದ ಎಳೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಅವರು ಕಳಿಸಿದ ಚಿತ್ರದಲ್ಲಿ ಆರೋಗ್ಯವಂತರ ಚರ್ಮದಲ್ಲಿ ಎಳೆಗಳು ಗದ್ದೆಯ ಸಸಿಯ ಹಾಗೆ ಎದ್ದು ನಿಂತಿದ್ದವು. ಗೌಡರದರಲ್ಲಿ ಅಲ್ಲೊಂದು ಇಲ್ಲೊಂದು.

ಒಂದೇ ಕಾಲಿನ ಚರ್ಮ. ಕೋಶಗಳ ರೂಪ ಬೇಕಾದರೆ ಫಾರ್ಮಾಲಿನ್. ಪ್ರತಿಕಾಯ ಬೇಕಾದರೆ ಸಲೈನ್ ಅಥವಾ ಮಿಷೆಲ್. ನರದ ಎಳೆ ಬೇಕಾದರೆ ಹಳದಿ ಬಾಟಲಿ. ಚೂರಿನಲ್ಲಿ ಏನು ಹುಡುಕುತ್ತಿದ್ದಾರೆ ಎಂದು ತಿಳಿಯದೆ ಬಾಟಲಿ ಮುಟ್ಟಬಾರದು. ಇದು ನನಗೆ 14ನೇ ವರ್ಷದಲ್ಲಿ ತಿಳಿಯಿತು.

ಈಗ ನಮ್ಮ ಸಣ್ಣ ಆಪರೇಷನ್ ಕೋಣೆಯಲ್ಲಿ ಪಂಚ್ ಒತ್ತುವ ಮೊದಲು ಬಾಟಲಿ ಮೇಜಿನ ಮೇಲೆ ಬರುತ್ತದೆ. ಡಾಕ್ಟರು ಬಾಯಲ್ಲಿ ಹೇಳಬೇಕು, ನಾನು ಬಾಯಲ್ಲಿ ತಿರುಗಿ ಹೇಳಬೇಕು. ಫಾರಂನಲ್ಲಿ ನನಗೆ ಅರ್ಥವಾಗದ ಒಂದು ಅಕ್ಷರ ಇದ್ದರೂ ಫೋನು. ಸಾಲು ಎಷ್ಟೇ ದೊಡ್ಡದಿರಲಿ. ಮೇಡಂ ನಂಬರು ಗೋಡೆಯ ಮೇಲೆ ಅಂಟಿಸಿದ್ದೇನೆ. ಒಮ್ಮೆಯೂ ಅವರು ಬೇಸರ ಮಾಡಿಕೊಂಡಿಲ್ಲ. ಮಿಷೆಲ್ ದ್ರಾವಣದ ಎರಡು ಬಾಟಲಿ ಫ್ರಿಜ್ಜಿನಲ್ಲಿ ಇವೆ. ತಾರೀಕು ಮುಗಿಯುವ ಮೊದಲು ಬದಲಿಸುತ್ತೇನೆ.

ಗೌಡರು ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಾರೆ. ಚುಕ್ಕೆ ಹೋಗಿದೆ. ಉರಿ ಕಡಿಮೆ, ನಿದ್ದೆ ಬರುತ್ತದೆ. ಬಲ ಪಾದ ಅರ್ಧ ಏಳುತ್ತದೆ, ಪ್ಲಾಸ್ಟಿಕ್ ಪಟ್ಟಿ ಹಾಕಿಕೊಂಡು ನಡೆಯುತ್ತಾರೆ. ನರ ಚಿಗುರುವುದು ನಿಧಾನ, ಎಷ್ಟು ಚಿಗುರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಮರ ಹತ್ತುವುದು ನಿಂತಿದೆ. ಈಗ ಕೆಳಗೆ ನಿಂತು ನೇಣು, ಅಂದರೆ ಕೊನೆ ಇಳಿಸುವ ಹಗ್ಗ, ಹಿಡಿಯುತ್ತಾರೆ, ಮೇಲೆ ಅಳಿಯ ಹತ್ತುತ್ತಾನೆ. ರಾತ್ರಿ ಮಲಗುವ ಮೊದಲು ಮಗಳು ಟಾರ್ಚ್ ಹಿಡಿದು ಅವರ ಅಂಗಾಲು ನೋಡುತ್ತಾಳೆ, ಗಾಯ ಇದೆಯೇ ಎಂದು.

ಕಳೆದ ಸಲ ಬಂದಾಗ ರಕ್ತ ತೆಗೆದ ಮೇಲೂ ಕುರ್ಚಿಯಿಂದ ಏಳಲಿಲ್ಲ. “ತಂಗೀ, ಆ ಬಿಳಿದು ಈಗಲೂ ಕೂರ್ತದ?” ಎಂದು ಕೇಳಿದರು. ಹಿಂದಿನ ಸಲದ ಟ್ಯೂಬು 7 ದಿನ ಇಟ್ಟಾಗ ತಳದಲ್ಲಿ ತೆಳ್ಳಗೆ ಒಂದು ಗೆರೆ ಇತ್ತು, ಅದನ್ನೇ ಹೇಳಿದೆ. ಈ ಸಲದ್ದು ಥರ್ಮಾಸಿನಲ್ಲಿ ನಿಂತಿತ್ತು. ಅವರು ಮುಚ್ಚಳ ತೆಗೆಸಿ ಒಳಗೆ ಇಣುಕಿ ನೋಡಿದರು. ಆಮೇಲೆ ಪಟ್ಟಿ ಬಿಗಿ ಮಾಡಿಕೊಂಡು, ಮುಂದಿನ ಬುಧವಾರ ಫೋನು ಮಾಡುತ್ತೇನೆ ಎಂದು ಹೇಳಿ, ಮಗಳ ಹೆಗಲು ಹಿಡಿದು ಮೆಟ್ಟಿಲು ಇಳಿದರು.